ಮಾಸ್ತಿಗಲ್ಲಿಗೆ ಕಟ್ಟಿದ ವಿಮಾನ

ದೆವ್ವ, ಗಾಳಿ, ದೃಷ್ಟಿ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಪಾಂಡವಪುರದಲ್ಲಿ ಪಂಪ್‌ಸೆಟ್ ಎಂಜಿನ್ನು ಬಿಚ್ಚಿ ಜೋಡಿಸುವುದು ನನ್ನ ಕಸುಬು. ಎಂಜಿನ್ನು ಕೆಟ್ಟರೆ ಕಾರಣ ಇದ್ದೇ ಇರುತ್ತದೆ. ಸಿಗದಿದ್ದರೆ ಮೆಕ್ಯಾನಿಕ್ಕು ದಡ್ಡ, ಅಷ್ಟೇ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ತೊಂಬತ್ತರ ದಶಕದ ಒಂದು ಬೆಳಗು ಮಾತ್ರ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಕ್ಯಾತನಹಳ್ಳಿಯ ಗೆಳೆಯ ಶಿವಣ್ಣ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು ಊರಿಗೆ ಮರಳಿದವನು. ಬಂದವನು ಸುಮ್ಮನೆ ಕಬ್ಬು ಬೆಳೆದುಕೊಂಡು ಇರಬಾರದೇ? ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟಿದ, ಎಂಜಿನ್ನು ಹೊಂದಿಸಲು ನನ್ನನ್ನು ಕರೆದ. ಅದನ್ನು ಮುಂದಕ್ಕೆ ಎಳೆಯುವ ಮರದ ಫ್ಯಾನನ್ನು ಹೊಸಹೊಳಲಿನ ಆಚಾರಿಯೊಬ್ಬರು ಕೆತ್ತಿಕೊಟ್ಟಿದ್ದರು. ಅಂಥ ಫ್ಯಾನಿನ ರೆಕ್ಕೆಗಳ ಓರೆಯನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಎಂಜಿನ್ನನ್ನೇ ಅದಕ್ಕೆ ಹೊಂದಿಸಬೇಕು. ಬಾಲವನ್ನು ಭದ್ರವಾಗಿ ಕಟ್ಟಿ, ಪೂರ್ತಿ ಥ್ರಾಟಲ್ ಕೊಟ್ಟು, ನಿಂತಲ್ಲೇ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆ ಎಂದು ನೋಡಬೇಕು. ನಮ್ಮದಕ್ಕೆ ಎರಡು ಸಾವಿರದ ಮುನ್ನೂರು ಬರಬೇಕಿತ್ತು. ಕಡಿಮೆಯಾದರೆ ವಿಮಾನ ಏಳುವುದಿಲ್ಲ, ಎದ್ದರೂ ಬೀಳುತ್ತದೆ.

ಗಾಳಿ ಏಳುವ ಮುಂಚೆ, ಬೆಳಗಿನ ಆರಕ್ಕೇ, ಕಬ್ಬು ಕಡಿದ ಬಯಲಿಗೆ ಅದನ್ನು ತಳ್ಳಿಕೊಂಡು ಹೋದೆವು. ಬದುವಿನಲ್ಲಿ ಒಂದು ಮಾಸ್ತಿಗಲ್ಲಿತ್ತು, ಹಿಂದೆ ಯಾವಳೋ ಗಂಡನ ಚಿತೆ ಏರಿದ್ದರ ಗುರುತು. ಎತ್ತು ಕಟ್ಟಲೂ ಊರವರು ಅಂಜುವ ಕಲ್ಲು. ಗಟ್ಟಿಯಾಗಿದೆ ಎಂದು ನಾನೇ ಅದಕ್ಕೆ ಹಗ್ಗ ಬಿಗಿದೆ. ಮೀಟರಿನ ಮುಳ್ಳು ಎರಡು ಸಾವಿರದ ನೂರಕ್ಕೆ ನಿಂತಿತು. ಪ್ಲಗ್ ಬದಲಿಸಿದೆ, ಕಾರ್ಬೊರೇಟರ್ ಬಿಚ್ಚಿ ಊದಿದೆ, ಥ್ರಾಟಲ್ ತಂತಿ ಬಿಗಿ ಮಾಡಿದೆ. ಊಹೂಂ, ಮುಳ್ಳು ಮೇಲೇಳಲೊಲ್ಲದು.

ಅಷ್ಟರಲ್ಲಿ ಶಿವಣ್ಣನ ಹೆಂಡತಿ ಜಯಮ್ಮ ರೊಟ್ಟಿ ತಂದಳು. ಕಲ್ಲು ನೋಡಿದವಳೇ, “ಅಯ್ಯೋ ಸಿವ್ನೇ, ಮಾಸ್ತಿಯಮ್ಮಂಗಾ ಅಗ್ಗ ಕಟ್ಟಿರಾದು? ಮೊದ್ಲು ಬಿಚ್ರಪ್ಪಾ!” ಎಂದು ಕೂಗಿಕೊಂಡಳು.

ಅವಳ ಬಾಯಿ ಮುಚ್ಚಿಸಲೆಂದು ಪಕ್ಕದ ಹುಣಸೆಮರಕ್ಕೆ ಕಟ್ಟಿದೆವು. ಸರಿಯಾಗಿ ಎರಡು ಸಾವಿರದ ಮುನ್ನೂರು! ನನಗೆ ಸಿಟ್ಟು ಬಂತು. ಮತ್ತೆ ಕಲ್ಲಿಗೆ ಕಟ್ಟಿದೆ, ಎರಡು ಸಾವಿರದ ನೂರಕ್ಕೆ ಇಳಿಯಿತು. ಮರಕ್ಕೆ ಕಟ್ಟಿದರೆ ಮತ್ತೆ ಎರಡು ಸಾವಿರದ ಮುನ್ನೂರು. ಹಗ್ಗ ಇರುವುದು ಬಾಲಕ್ಕೆ, ಫ್ಯಾನಿಗೆ ಅದು ಹೇಗೆ ಗೊತ್ತಾಗಬೇಕು, ನೀವೇ ಹೇಳಿ. ಗಾಳಿಯ ಕಾಟ ಎನ್ನಲು ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

“ಏನ್ಲಾ ಮಾಡಾದು? ನೀ ಏಳ್ದಂಗೆ,” ಅಂದ ಶಿವಣ್ಣ.

ಇವತ್ತು ಬೇಡ, ಪೂರ್ತಿ ಬಿಚ್ಚಿ ನೋಡೋಣ ಎನ್ನಬೇಕಿತ್ತು. ಆದರೆ ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಕಲ್ಲಿಗೆ ಹೆದರಿದ ಮೆಕ್ಯಾನಿಕ್ಕು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. “ಮರದ ಲೆಕ್ಕನೇ ಸರಿ ಕಣ್ಲಾ, ಓಗು” ಅಂದುಬಿಟ್ಟೆ.

ವಿಮಾನ ಎದ್ದಿತು. ಪಕ್ಕದ ಕಬ್ಬಿನ ಗದ್ದೆಯ ಮೇಲೆ ಹೋಗುವಷ್ಟರಲ್ಲಿ ಎಂಜಿನ್ನಿನ ಸದ್ದು ಇಳಿಯಿತು, ಕಲ್ಲಿಗೆ ಕಟ್ಟಿದಾಗ ಕೇಳಿದ್ದ ಅದೇ ಸದ್ದು. ವಿಮಾನ ಕಬ್ಬಿನೊಳಗೆ ಬಿತ್ತು. ನಾವು ಕಬ್ಬು ಸೀಳಿಕೊಂಡು ಓಡಿ ತಲುಪುವ ಹೊತ್ತಿಗೆ ಶಿವಣ್ಣ ಹೋಗಿಬಿಟ್ಟಿದ್ದ.

ಆಮೇಲೆ ಆ ಎಂಜಿನ್ನನ್ನು ತಿರುಪು ತಿರುಪೂ ಬಿಚ್ಚಿ ನೋಡಿದೆ. ಒಂದು ದೋಷವೂ ಸಿಗಲಿಲ್ಲ. ಕಲ್ಲಿನ ಮಹಿಮೆ ಎನ್ನಲು ಈಗಲೂ ನಾಲಿಗೆ ಏಳುವುದಿಲ್ಲ, ಅಲ್ಲ ಎನ್ನಲು ಧೈರ್ಯವಿಲ್ಲ.

ತಿಥಿಯ ದಿನ ಊಟಕ್ಕೆ ಬಡಿಸುತ್ತಾ ಜಯಮ್ಮ ನನ್ನ ಎಲೆಯ ಮುಂದೆ ನಿಂತಳು. “ಅಣ್ಣಾ, ಓಗು ಅಂದ್ರಲ್ಲ, ಆಗ ನಿಮ್ಗೆ ಒಸಿಯಾದ್ರೂ ಅನುಮಾನ ಇತ್ತಾ?”

“ಇಲ್ಲ ಕಣವ್ವ” ಅಂದೆ.

ಅವಳು ನಂಬಿದಳು. ಇನ್ನೊಂದಿಷ್ಟು ಅನ್ನ ಬಡಿಸಿ ಮುಂದಕ್ಕೆ ಹೋದಳು.