ಕಾಫಿ ಕಣದಲ್ಲಿ ಇರಾನಿನ ಕಾರ್ಪೆಟ್ಟು

ಕಳೆದ ಶನಿವಾರ ನಾನು ಇರಾನಿನ ಕಾರ್ಪೆಟ್ಟೊಂದನ್ನು ಕಾಫಿ ಕಣದಲ್ಲಿ ಒಣಹಾಕಿದೆ. ನಗಬೇಡಿ!

ಅದು ನಮ್ಮದಲ್ಲ, ಪಕ್ಕದ ಎಸ್ಟೇಟಿನ ಲಲಿತಮ್ಮನವರದು. ಅವರ ಮಾವ ಇರಾನಿನಲ್ಲಿ ಕೆಲಸಕ್ಕಿದ್ದಾಗ ತಂದದ್ದಂತೆ. ಶುಕ್ರವಾರ ನಮ್ಮಲ್ಲಿ ಭಜನೆ. ಬಂದವರು ತಣ್ಣನೆ ನೆಲದ ಮೇಲೆ ಕೂರುವುದು ಬೇಡವೆಂದು ಕೇಳಿ ತಂದಿದ್ದೆ. ಎರವಲು ತಂದ ಹಾಸನ್ನು ಬಿಸಿಲು ಕಾಣಿಸದೆ ಹಿಂದಿರುಗಿಸುವುದುಂಟೇ? (ದೇವರು ಪುಕ್ಕಟೆ ಕೊಟ್ಟ ಬಿಸಿಲು ಬೇರೆ!) ಹಣ್ಣಿನ ಸಿಪ್ಪೆ ತೆಗೆದು ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯನ್ನು ಒಂದು ಬದಿಗೆ ಎಳೆಸಿ, ಕಾರ್ಪೆಟ್ಟನ್ನು ಇಡೀ ದಿನ ಹರಡಿದೆ.

ಸಂಜೆ ಮಡಚಲು ಬಂದ ಕೆಲಸದ ಶೇಷಿ ಕೂಗಿದಳು, "ಅಮ್ಮಾ, ಈ ತುದಿ ಬಿಳಿಚ್ಕಂಡಿದೆಯಲ್ಲ!"

ನೋಡುತ್ತೇನೆ, ನಿಜ. ಮುಕ್ಕಾಲು ಭಾಗ ದಾಸವಾಳದ ಕೆಂಪು. ಉಳಿದ ಕಾಲು ಭಾಗ ಇಟ್ಟಿಗೆ ಬಣ್ಣ. ನಡುವೆ ಗೆರೆ ಎಳೆದ ಹಾಗೆ! ಬಿಸಿಲಿಗೆ ಬಣ್ಣ ಹೋಯಿತು! ನಂಬಿ ಕೊಟ್ಟವರಿಗೆ ಯಾವ ಮುಖ ತೋರಿಸಲಿ?

ನಮ್ಮ ಯಜಮಾನರ ಸಲಹೆ ಕೇಳಿ: "ಆ ತುದಿ ಒಳಗೆ ಬರೋ ಹಾಗೆ ಸುತ್ತಿ ಕೊಟ್ಬಿಡು ಮಾರಾಯ್ತಿ. ಯಾರು ನೋಡ್ತಾರೆ?"

"ದೇವರ ಮುಂದೆ ಹಾಸಿದ್ದು ರೀ ಅದು. ಅವನು ನೋಡಲ್ವಾ?"

ಭಾನುವಾರ ಜೀಪಿಗೆ ಹಾಕಿಕೊಂಡು ಹೋದೆ. ಅವರ ಜಗಲಿಯಲ್ಲೇ ಬಿಚ್ಚಿ ತಪ್ಪೊಪ್ಪಿಕೊಂಡೆ. ಲಲಿತಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳುವಲ್ಲ, ನಗು!

"ಅಯ್ಯೋ, ಅದು ಬಂದಾಗ್ಲಿಂದ ಹಂಗೇ ಇದೆ ಕಣೇ! ಕುರಿ ಕಾಯೋರ ಮನೆ ಹೆಂಗಸರು ನೇಯ್ದದ್ದು ಅಂತಿದ್ರು ಮಾವ. ಬೇರು ಕುದಿಸಿ ಕೆಂಪು ಮಾಡ್ತಾರೆ. ಒಂದು ಹಂಡೆ ಬಣ್ಣದ ನೂಲು ಮುಗಿಯೋ ಹೊತ್ತಿಗೆ ಕುರಿ ಹೊಡ್ಕೊಂಡು ಬೇರೆ ಗುಡ್ಡಕ್ಕೆ ಹೋಗಿರ್ತಾರೆ. ಅಲ್ಲಿ ನೀರು ಬೇರೆ, ಬೇರು ಬೇರೆ. ಕೆಂಪೂ ಬೇರೆ!"

ಅಂದರೆ ಆ ಗೆರೆ ಇದೆಯಲ್ಲ, ಅಲ್ಲಿ ಒಬ್ಬಳು ಗಂಟುಮೂಟೆ ಕಟ್ಟಿದ್ದಾಳೆ! ಮಗ್ಗ ಕಳಚಿ, ಗುಡ್ಡ ದಾಟಿ, ಮತ್ತೆ ಹೂಡಿ, ಅರ್ಧಕ್ಕೆ ಬಿಟ್ಟಿದ್ದ ಹೂವಿನ ಚಿತ್ತಾರದಿಂದಲೇ ಮುಂದುವರಿಸಿದ್ದಾಳೆ. ನಾನು ಅಲ್ಲೇ ಮಂಡಿಯೂರಿ ಮೂಲೆ ಮಗುಚಿದೆ. ಅಬ್ಬಾ, ಹಿಂಬದಿಗೆ ಸಾಸಿವೆ ಕಾಳಿನಂಥ ಗಂಟುಗಳು, ಒಂದೊಂದೂ ಕೈಯಲ್ಲೇ ಹಾಕಿದ್ದು!

ಲಲಿತಮ್ಮನಿಗೂ ಹುರುಪು ಬಂತು. ಮಾವ ಹೇಳಿದ್ದನ್ನೆಲ್ಲ ಹೇಳಿದರು. ಅಲ್ಲಿನ ರಾಜರು ನೇಕಾರರನ್ನು ಕೂಡಿಸಿ ದೊಡ್ಡ ಕಾರ್ಖಾನೆಗಳನ್ನೇ ನಡೆಸಿದರಂತೆ. ಅಲ್ಲಿ ಮೊದಲು ಕಾಗದದ ಮೇಲೆ ಚಿತ್ರ, ಆಮೇಲೆ ಮಗ್ಗ. ಎರಡು ಸಾವಿರ ವರ್ಷಕ್ಕೂ ಹಳೆಯ ಕಾರ್ಪೆಟ್ಟೊಂದು ಎಲ್ಲೋ ಹಿಮದಡಿಯ ಗೋರಿಯಲ್ಲಿ ಸಿಕ್ಕಿದೆಯಂತೆ, ಬಣ್ಣದ ಸಮೇತ! (ನಾನೋ, ಒಂದು ದಿನದ ಬಿಸಿಲಿಗೆ ನಡುಗಿದ್ದೆ.) ಆದರೆ ಈ ಕುರಿಗಾಹಿ ಹೆಂಗಸರಿಗೆ ಕಾಗದವೂ ಇಲ್ಲ. ನಾವು ರಂಗೋಲಿ ಹಾಕುವ ಹಾಗೆ, ಅಮ್ಮನ ಕೈ ನೋಡಿ ಕಲಿತದ್ದು.

"ಇಷ್ಟು ವರ್ಷ ಇದರ ಮೇಲೆ ಎಷ್ಟು ಜನ ಕೂತ್ರು! ಒಬ್ರೂ ಆ ಗೆರೆ ಏನು ಅಂತ ಕೇಳ್ಲಿಲ್ಲ" ಎಂದರು ಲಲಿತಮ್ಮ.

ನಾನೂ ಶುಕ್ರವಾರವಿಡೀ ಅದರ ಮೇಲೇ ಕೂತಿದ್ದೆ. ಹಾಳಾಯಿತೆಂದು ಹೆದರಿದ ಮೇಲೆ ತಾನೇ ಕಣ್ಣುಬಿಟ್ಟು ನೋಡಿದ್ದು?