ಆರನೆಯ ಕರೆ

ಬೆಡ್‌ಫರ್ಡಿನಲ್ಲಿ ರಾಜನ ಅಧಿಕಾರಿಯಾದ ಷೆರೀಫರ ನ್ಯಾಯಸಭೆಯಲ್ಲಿ ಆಪಾದಿತರ ಹೆಸರು ಕೂಗುವ ಥರ್ಸ್ಟನ್‌ನಿಗೆ ತನ್ನ ಗಂಟಲಿನ ಮೇಲೆ ಬಹಳ ಹೆಮ್ಮೆ. ಅವನು ಬಾಯಿ ತೆರೆದರೆ ನದಿಯಾಚೆಯ ಹಂದಿಗಳೂ ತಲೆ ಎತ್ತುತ್ತವೆ ಎಂದು ಊರಿನವರ ತಮಾಷೆ. ತಲೆಮರೆಸಿಕೊಂಡವನ ಹೆಸರನ್ನು ತಿಂಗಳಿಗೊಂದರಂತೆ ಐದು ಸಭೆಗಳಲ್ಲಿ ಕೂಗಬೇಕು. ಐದನೆಯದಕ್ಕೂ ಬಾರದವನು ಕಾನೂನಿನ ಹೊರಗಿನವನು, ತೋಳವನ್ನು ಕೊಂದಂತೆ ಅವನನ್ನು ಯಾರು ಬೇಕಾದರೂ ಕೊಲ್ಲಬಹುದು. ಥರ್ಸ್ಟನ್ ಒಂದು ಲೋಟ ಬಿಯರ್ ಕುಡಿದು, ಸೊಂಟದ ಮೇಲೆ ಕೈಯಿಟ್ಟು, ಅಂಥವರು ಅಡಗಿರುವ ಕಾಡಿನ ಕಡೆ ಮುಖ ಮಾಡಿಯೇ ಕೂಗುತ್ತಾನೆ. “ಬಂದ್ರೆ ನೇಣು, ಬರದಿದ್ರೆ ನಾಯಿಪಾಡು. ನಾನಾಗಿದ್ರೂ ಬರ್ತಿರ್ಲಿಲ್ಲ ಬಿಡ್ರಪ್ಪ” ಎಂದು ಎಲ್ಲರನ್ನೂ ನಗಿಸುತ್ತಿದ್ದವನು ಈಗ ಆ ಮಾತು ಎತ್ತುವುದಿಲ್ಲ. ಪಟ್ಟಿ ಮುಗಿದ ಮೇಲೂ ಒಂದು ಹೆಸರು ಕೂಗುತ್ತಾನೆ: “ಥರ್ಸ್ಟನ್ ಮಗ ಹೇಮೋ!” “ನಿನ್ ಮಗನ ಐದೂ ಕರೆ ಸುಗ್ಗೀಲೇ ಮುಗೀತಲ್ಲಯ್ಯ” ಎಂದು ಗುಮಾಸ್ತ ಮೆಲ್ಲಗೆ ಹೇಳುತ್ತಾನೆ. “ಹೌದು ಸ್ವಾಮಿ. ಐದನೇ ಸಲ ಯಾಕೋ ಗಂಟಲು ಕಟ್ಟಿತ್ತು. ಅವನಿಗೆ ಕೇಳಿಸ್ಲಿಲ್ವೇನೋ.”