ಬೆಕ್ಕಿನ ಮನೆಮಾತು

ಬೆಳಗಿನ ಆರು ಗಂಟೆ. ಇಸ್ತಾಂಬುಲ್‌ನ ಬಾಲಾತ್ ಕೇರಿಯ ಏರುಬೀದಿಯ ಕಲ್ಲುಹಾಸು ಇನ್ನೂ ಒದ್ದೆಯಾಗಿದೆ. ಸೊಂಟದಲ್ಲಿ ಒಂಬತ್ತು ಮನೆಗಳ ಬೀಗದಕೈ ಗೊಂಚಲು, ಕೈಯಲ್ಲಿ ಬಟ್ಟೆಚೀಲ, ಹಿಂದೆ ಬಾಲ ಎತ್ತಿಕೊಂಡು ಐದಾರು ಬೀದಿಬೆಕ್ಕು. ಗುಲಿಜಾರಕ್ಕ ಕೆಲಸಕ್ಕೆ ಹೊರಟಿದ್ದಾರೆ.

"ನಡೀರಿ, ನಡೀರಿ. ಮೊದ್ಲು ಮನೆಯೊಳಗಿನವ್ರು, ಆಮೇಲೆ ನಿಮ್ಮ ಸರದಿ," ಎಂದು ತಿರುಗಿ ಗದರುತ್ತಾರೆ. ಒಂದಾದರೂ ಕೇಳಬೇಕಲ್ಲ! ಮೂರನೆಯ ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಒಳಗೆ ನಿನ್ನೆಯ ಮೀನಿನ ತಲೆಗಳು. ಮೇಲಿಂದ ಶುಕ್ರಾನ್ ಚಿಕ್ಕಮ್ಮನ ದನಿ: "ಮಂಡಿ ಹೇಗಿದೆಯೇ ಗುಲಿಜಾರ್?"

"ಮೆಟ್ಟಿಲು ಕಂಡ್ರೆ ಅಳುತ್ತೆ ಚಿಕ್ಕಮ್ಮ, ಬೆಕ್ಕು ಕಂಡ್ರೆ ಸುಮ್ಮನಾಗುತ್ತೆ!"

ಊರಿಗೆ ಹೋದವರ ಮನೆಗೆ ಹೋಗಿ ಅವರ ಬೆಕ್ಕನ್ನು ನೋಡಿಕೊಳ್ಳುವುದು ಈಕೆಯ ಕಸುಬು. ಇದೂ ಒಂದು ಕೆಲಸವೇ ಎಂದು ನಕ್ಕವರು ಕಡಿಮೆಯಿಲ್ಲ. ನಗದೆ ಏನು ಮಾಡುತ್ತಾರೆ? ಇಸ್ತಾಂಬುಲ್‌ನಲ್ಲಿ ಬೆಕ್ಕು ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಮಲಗುತ್ತದೆ, ದೋಣಿಯ ಬೆಂಚಿನಲ್ಲಿ ಮಲಗುತ್ತದೆ, ಇಮಾಮರ ಚಪ್ಪಲಿಯ ಮೇಲೂ ಮಲಗುತ್ತದೆ. ಅಂಥ ಊರಿನಲ್ಲಿ ಬೆಕ್ಕಿಗೆ ಆಳೇ? ಗುಲಿಜಾರಕ್ಕನ ಗಂಡ, ಮಿನಿಬಸ್ ಓಡಿಸುವ ದುರ್ಸುನ್, ಮೊದಲ ದಿನವೇ ಹೇಳಿದ್ದನಂತೆ: "ಹೊಳೆ ದಂಡೇಲಿ ಕೂತು ನೀರು ಮಾರ್ತೀನಿ ಅಂತಿದ್ದಾಳೆ ನನ್ನ ಹೆಂಡ್ತಿ!"

ಅಕ್ಕನಿಗೆ ಈಗ ಐವತ್ನಾಲ್ಕು. ಕಸ್ತಮೋನು ಸೀಮೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಇಪ್ಪತ್ತೆರಡು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚಿದರು. ಏಳು ವರ್ಷದ ಹಿಂದೆ ಅದಕ್ಕೆ ಬೀಗ ಬಿತ್ತು. ಕೈ ಖಾಲಿ ಕೂತಾಗ ಪಕ್ಕದ ಮನೆಯಾಕೆ ಮಗಳ ಬಾಣಂತನಕ್ಕೆಂದು ಬುರ್ಸಾಗೆ ಹೊರಟಳು, ಬೆಕ್ಕನ್ನು ಒಪ್ಪಿಸಿ ಹೋದಳು. ಅಲ್ಲಿಂದ ಬಾಯಿಂದ ಬಾಯಿಗೆ ಹಬ್ಬಿ, ಈ ವಾರ ಒಂಬತ್ತು ಮನೆ, ಹದಿನಾಲ್ಕು ಬೆಕ್ಕು. ಈ ಓಣಿಗಳ ಮನೆಗಳೋ ಕಿರಿದು, ಎತ್ತರ, ಮೆಟ್ಟಿಲೇ ಮೆಟ್ಟಿಲು. ದಿನಕ್ಕೆ ಆರುನೂರ ಹನ್ನೊಂದು ಎಂದು ಮಂಡಿಯೇ ಎಣಿಸಿಟ್ಟಿದೆ.

ಇವರನ್ನು ಕೆಲಸಕ್ಕೆ ಗೊತ್ತುಮಾಡುವ ಕ್ರಮವೇ ಬೇರೆ. ಕರೆದವರ ಮನೆಗೆ ಹೋಗಿ, ಒಂದು ಲೋಟ ಚಹಾ ಕೇಳಿ, ಬೆಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಅದು ಬಂದು ಬಟ್ಟೆಚೀಲ ಮೂಸಿದರೆ ಮಾತು ಪಕ್ಕಾ. "ಮನೆಯವ್ರು ನನ್ನ ಒಪ್ಪಿ ಏನಾಗ್ಬೇಕು? ಬೆಕ್ಕು ಒಪ್ಪಬೇಕಲ್ವಾ?" ಎನ್ನುತ್ತಾರೆ.

ಚೀಲ ಮೂಸದಿದ್ದದ್ದು ಒಂದೇ ಬೆಕ್ಕು. ಬುಲೀಸಾ.

ಬುಲೀಸಾ ಮೊಯಿಜ್ ಬೇ ಅವರ ಬೂದು ಬೆಕ್ಕು, ಒಂಬತ್ತು ವರ್ಷದ ಹಟಮಾರಿ. ಬೇ ಎಂದರೆ ಅಲ್ಲಿ ರಾಯರು ಎಂದ ಹಾಗೆ, ಹೆಂಗಸರಿಗಾದರೆ ಹಾನಿಮ್. ಬೇ ಅವರು ಈ ಬೀದಿಯ ಹಳೆಯ ಯೆಹೂದಿ ಮನೆತನದವರು, ಎಪ್ಪತ್ತಾರರ ಬ್ರಹ್ಮಚಾರಿ. ನಲವತ್ತು ವರ್ಷ ದಾರ, ಗುಂಡಿ, ಲೇಸಿನ ಅಂಗಡಿ ಇಟ್ಟಿದ್ದರು. ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಕವಿಯಿತು. ಎದುರಿಗಿದ್ದವರನ್ನು ಕೆಮ್ಮಿನಿಂದ ಗುರುತಿಸುವ ಹಾಗಾಯಿತು. ಇಜ್ಮೀರ್‌ನಲ್ಲಿ ತಂಗಿಯ ಮಗನೇ ಕಣ್ಣಿನ ಡಾಕ್ಟರು, ಆಪರೇಷನ್ನಿಗೆ ದಿನ ಗೊತ್ತುಮಾಡಿಟ್ಟಿದ್ದ. ಬೇ ಅವರು ಎರಡು ಸಲ ತಪ್ಪಿಸಿಕೊಂಡರು. ಒಮ್ಮೆ ಬೆಕ್ಕು ನೋಡಿಕೊಳ್ಳಲು ಬಂದ ಪಕ್ಕದ ಮನೆಯ ಸೊಸೆಯ ಕೈಯನ್ನು ಬುಲೀಸಾ ಪರಚಿ ಕಳಿಸಿತು. ಇನ್ನೊಮ್ಮೆ ಇವರೇ ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದರು. "ಮಾವ, ಇನ್ನು ತಡ ಮಾಡಿದ್ರೆ ನನ್ನನ್ನ ಬೈಬೇಡಿ," ಎಂದು ಡಾಕ್ಟರು ಮೂರನೆಯ ಸಲ ದಿನ ಕೊಟ್ಟ. ಬರುವ ಗುರುವಾರ.

ಆಗ ಗುಲಿಜಾರಕ್ಕನಿಗೆ ಕರೆ ಬಂತು. ಎರಡು ಲೋಟ ಚಹಾ ಮುಗಿದರೂ ಬುಲೀಸಾ ದಿವಾನದ ಕೆಳಗಿಂದ ಮೂತಿ ಹಾಕಲಿಲ್ಲ. ಬೇರೆ ಕಡೆಯಾಗಿದ್ದರೆ ಅಕ್ಕ ಎದ್ದು ಬರುತ್ತಿದ್ದರು. ಆದರೆ ಬೇ ಅವರು ಚಹಾವನ್ನು ಲೋಟದ ಹೊರಗೆ ಸುರಿದದ್ದು ನೋಡಿ ತಾವೇ ಮೇಜು ಒರೆಸಿದರು. ಒಪ್ಪಿಕೊಂಡರು. ಬೇ ಅವರು ಕೋಳಿಕಾಲಿನ ಅಕ್ಷರದಲ್ಲಿ ನಾಲ್ಕು ಪುಟ ಸೂಚನೆ ಬರೆದುಕೊಟ್ಟರು. ಮೀನು ಬೇಯಿಸಿ, ಮುಳ್ಳು ತೆಗೆದು, ಉಗುರುಬೆಚ್ಚಗೆ, ನೀಲಿ ತಟ್ಟೆಯಲ್ಲಿ, ಕಿಟಕಿಯ ಕಡೆಗೆ. ಕೊನೆಗೆ ಒಂದು ಕಟ್ಟಪ್ಪಣೆ: "ದಿನಾ ಸಂಜೆ ಏಳಕ್ಕೆ ಫೋನ್ ಮಾಡ್ತೀನಿ, ಗುಲಿಜಾರ್ ಹಾನಿಮ್. ಎರಡು ದಿನ ತಿನ್ನದಿದ್ರೆ ಹೊರಟು ಬಂದ್ಬಿಡ್ತೀನಿ. ಕಣ್ಣು ಹಾಳಾಗಿ ಹೋಗ್ಲಿ."

ಭಾನುವಾರ ರಾತ್ರಿ ಬೇ ಅವರು ಇಜ್ಮೀರ್ ಬಸ್ಸು ಹತ್ತಿದರು. ಸೋಮವಾರ ಬುಲೀಸಾ ತಟ್ಟೆ ಮುಟ್ಟಲಿಲ್ಲ. ಮಂಗಳವಾರ ಬೆಳಿಗ್ಗೆಯೂ ಇಲ್ಲ. ಅಕ್ಕ ನೆಲಕ್ಕೆ ಕೆನ್ನೆ ಹಚ್ಚಿ "ಪಿಸಿ ಪಿಸಿ, ಬಾ ನನ್ನ ಬಂಗಾರ, ಬಾ ನನ್ನ ಸುಲ್ತಾನೆ" ಎಂದು ಗಂಟೆಗಟ್ಟಲೆ ಗೋಗರೆದರು. ಕತ್ತಲಲ್ಲಿ ಎರಡು ಹಳದಿ ಕಣ್ಣು, ಅಷ್ಟೇ. ಯಕೃತ್ತು ತಂದರು, ಮೊಸರು ಇಟ್ಟರು. ಹ್ಞೂಂಹ್ಞೂಂ.

"ತಿಂತು ಅಂದ್ಬಿಡೇ. ಒಂದು ಸುಳ್ಳಿಂದ ಒಬ್ರ ಕಣ್ಣು ಬರೋದಾದ್ರೆ ಪುಣ್ಯದ ಕೆಲಸ," ಎಂದರು ಶುಕ್ರಾನ್ ಚಿಕ್ಕಮ್ಮ.

"ಹೇಳಿದ ಮೇಲೆ ಅದು ಸತ್ತು ಗಿತ್ತು ಹೋದ್ರೆ? ಬಂದ ಹೊಸ ಕಣ್ಣಲ್ಲಿ ಅವ್ರು ಮೊದ್ಲು ನೋಡೋದು ಏನನ್ನ ಚಿಕ್ಕಮ್ಮ?"

ಮಂಗಳವಾರ ಸಂಜೆ ಏಳಕ್ಕೆ ಫೋನ್ ಬಂತು. ಕೈತುಂಬ ಮೀನು ಮೆತ್ತಿಕೊಂಡಿದ್ದರಿಂದ ಅಕ್ಕ ಸ್ಪೀಕರ್ ಒತ್ತಿ ನೆಲದ ಮೇಲೆ ಇಟ್ಟರು. "ತಿನ್ನಲಿಲ್ಲ, ಮೊಯಿಜ್ ಬೇ," ಎಂದರು.

"ರಾತ್ರಿ ಬಸ್ಸಿಗೆ ಹೊರಡ್ತೀನಿ," ಎಂದಿತು ಫೋನು. ಆಮೇಲೆ ಆ ಕಡೆ ಒಂದು ನಿಟ್ಟುಸಿರು, ತಮಗೆ ತಾವೇ ಎಂಬಂತೆ: "ಬುಲೀಸಾ, ಬುಲೀಸಾ... ವೆನ್ ಆಕಿ, ಮಿ ಆಲ್ಮಾ. ಕೊಮೆ."

ದಿವಾನದ ಕೆಳಗೆ ಸರಕ್ಕನೆ ಸದ್ದಾಯಿತು. ಬೂದು ಮೂತಿಯೊಂದು ಹೊರಬಂತು!

"ಏನಂದ್ರಿ? ಇನ್ನೊಂದ್ಸಲ ಅನ್ನಿ, ಇನ್ನೊಂದ್ಸಲ!"

ಬೇ ಅವರು ಅಂದರು. ಬುಲೀಸಾ ಫೋನಿಗೆ ತಲೆ ಉಜ್ಜತೊಡಗಿತು.

"ಅಲ್ಲ ಮೊಯಿಜ್ ಬೇ, ಇದರ ಹತ್ರ ಯಾವ ಭಾಷೇಲಿ ಮಾತಾಡ್ತೀರಿ?"

"ನಮ್ಮ ಮನೆಮಾತಲ್ಲಿ. ಇನ್ಯಾವುದರಲ್ಲಿ?"

"ಅಯ್ಯೋ ನಿಮ್ಮ! ನಾಲ್ಕು ಪುಟ ಬರೆದ್ರಿ, ತಟ್ಟೆ ಯಾವ ಕಡೆ ತಿರುಗಿರಬೇಕು ಅಂತಾನೂ ಬರೆದ್ರಿ, ಇದೊಂದು ಬರೀಲಿಲ್ಲವಲ್ಲ!"

"ಬರೀಬೇಕು ಅಂತ ಗೊತ್ತೇ ಆಗ್ಲಿಲ್ಲಮ್ಮ," ಎಂದರಂತೆ ಮುದುಕರು.

ಗೊತ್ತಾಗದ್ದೇ ಸಹಜ. ಐನೂರು ವರ್ಷದ ಹಿಂದೆ ಸ್ಪೇನ್ ಬಿಟ್ಟು ಬಂದ ಹಿರಿಯರು ಹೊತ್ತು ತಂದ ಮಾತು ಅದು, ಲಾದಿನೊ. ಹೊಸ್ತಿಲ ಹೊರಗೆ ಟರ್ಕಿಶ್, ಒಳಗೆ ಲಾದಿನೊ, ಅಮ್ಮ ಕಲಿಸಿದ ಪಾಠ. ಅಮ್ಮ ತೀರಿದರು, ನೆಂಟರು ಚದುರಿದರು. ಮನೆಯೊಳಗೆ ಮಾತಿಗೆ ಉಳಿದದ್ದು ಬೆಕ್ಕೊಂದೇ. ಬುಲೀಸಾ ಎಂದರೆ ಯಜಮಾನಿ ಎಂಬುದೂ ಬೀದಿಯವರಿಗೆ ತಿಳಿದಿರಲಿಲ್ಲ.

ಫೋನಿನಲ್ಲೇ ಪಾಠ ಶುರುವಾಯಿತು: ವೆನ್ ಆಕಿ ಎಂದರೆ ಇಲ್ಲಿ ಬಾ, ಮಿ ಆಲ್ಮಾ ಎಂದರೆ ನನ್ನ ಜೀವ, ಕೊಮೆ ಎಂದರೆ ತಿನ್ನು. "ವೆನ್ ಆಕಿ," ಎಂದರು ಅಕ್ಕ. "ಕಸ್ತಮೋನು ಎಮ್ಮೆ ಕರೆದ ಹಾಗಿದೆ. ಮೆತ್ತಗೆ," ಎಂದಿತು ಫೋನು. ಎಂಟನೆಯ ಸಲಕ್ಕೆ ಬುಲೀಸಾ ಅಕ್ಕನ ಮುಖವನ್ನು ಒಮ್ಮೆ ಅನುಮಾನದಿಂದ ನೋಡಿ, ನೀಲಿ ತಟ್ಟೆಗೆ ಬಾಯಿ ಹಾಕಿತು. ಅಕ್ಕ ನೆಲದ ಮೇಲೆ ಕೂತು ಗೊಳೋ ಎಂದು ಅತ್ತರು. ಬೇ ಅವರು ಬಸ್ಸು ಹತ್ತಲಿಲ್ಲ. ಗುರುವಾರ ಒಂದು ಕಣ್ಣು, ವಾರ ಬಿಟ್ಟು ಇನ್ನೊಂದು. ಅಷ್ಟು ದಿನವೂ ಸಂಜೆ ಏಳಕ್ಕೆ ಪಾಠ ತಪ್ಪಲಿಲ್ಲ.

ಅವರು ಮನೆಗೆ ಬಂದ ದಿನ ಅಕ್ಕ ಅಡುಗೆಮನೆಯಲ್ಲಿದ್ದರು. ಮೇಜು ಹತ್ತಿದ್ದ ಬುಲೀಸಾಳನ್ನು "ಅಬಾಶಾ! ಇಳಿ ಅಂದ್ರೆ ಇಳೀಬೇಕು, ಅಬಾಶಾ!" ಎಂದು ಗದರುತ್ತಿದ್ದರು. ಹಿಂದೆ ಸದ್ದಾಗಿ ತಿರುಗಿದರೆ ಬೇ ಅವರು ಬೂಟನ್ನೂ ಬಿಚ್ಚದೆ ಹೊಸ್ತಿಲಲ್ಲಿ ನಿಂತಿದ್ದಾರೆ. "ಈ ಮನೇಲಿ ಇನ್ನೊಬ್ರ ಬಾಯಲ್ಲಿ ಈ ಮಾತು ಕೇಳಿ ಹನ್ನೊಂದು ವರ್ಷ ಆಯ್ತು," ಎಂದರು. "ಡಾಕ್ಟ್ರು ಅಳಬಾರದು ಅಂದಿದ್ದಾರೆ. ನೀವು ನೋಡಿದ್ರೆ ಅಳಿಸ್ತಿದ್ದೀರಿ."

ಈಗ ಹೊಸ ಮನೆಗೆ ಹೋದರೆ ಚಹಾಕ್ಕೂ ಮೊದಲು ಗುಲಿಜಾರಕ್ಕ ಕೇಳುವುದು ಒಂದೇ: "ಬೆಕ್ಕಿನ ಹತ್ರ ಯಾವ ಮಾತಾಡ್ತೀರಿ?" ಕುರ್ದಿಶ್ ಬೆಕ್ಕೊಂದಿದೆ, ಅರ್ಮೇನಿಯನ್ ಬೆಕ್ಕೆರಡು. ಅವುಗಳಿಗೆ ಬಾ, ತಿನ್ನು, ಇಳಿ, ಇಷ್ಟು ಕಲಿತರೆ ಸಾಕು. ಮೊಯಿಜ್ ಬೇ ಮಾತ್ರ ಎಲ್ಲಿಗೂ ಹೋಗುತ್ತಿಲ್ಲ. ಆದರೂ ಪ್ರತಿ ಮಂಗಳವಾರ ಬೆಳಗಿನ ಮನೆಗಳು ಮುಗಿದ ಮೇಲೆ ಅಕ್ಕ ಅಲ್ಲಿಗೆ ಏರುತ್ತಾರೆ. ಚೀಸ್ ತುಂಬಿದ ಬೋರೆಕಾ ಕಡುಬು, ಚಹಾ, ಮತ್ತು ಒಂದು ಗಂಟೆಯ ಹರಟೆ, ಪೂರ್ತಿ ಲಾದಿನೊದಲ್ಲೇ.

ಮುಂದೇನಾಸೆ ಎಂದು ಕೇಳಿದರೆ ಅಕ್ಕ ಬಾಯಿಗೆ ಸೆರಗಿನಂತೆ ತಲೆವಸ್ತ್ರದ ಅಂಚು ಹಿಡಿದು ನಗುತ್ತಾರೆ. "ನಂದೇನ್ರೀ ಆಸೆ. ಈ ಬೀದೀಲಿ ಆ ಮಾತಾಡೋರು ಈಗ ಮೂರು ಜನ. ಮೊಯಿಜ್ ಬೇ, ಬುಲೀಸಾ, ನಾನು. ನನಗಿಂತ ಬುಲೀಸಾನೇ ಚೆನ್ನಾಗಿ ಮಾತಾಡ್ತಾಳೆ ಅಂತಾರೆ ಅವ್ರು. ಇರ್ಲಿ ಬಿಡಿ, ಅವಳು ಹುಟ್ಟಾ ಕಲಿತವಳು. ನಾನೂ ಕಲಿತು ಒಂದಿನ ಅವಳನ್ನ ಹಿಡಿದುಬಿಡ್ತೀನಿ."